ತಾರಾಲಯಕ್ಕೆ ಹೋಗಿ ಬಂದೆವು

(ಸಾಕ್ಷರತಾ ದಿನದ ಕೂಟದಲ್ಲಿ ಆಡಿದ ಮಾತು)





ಇವತ್ತು ಸೆಪ್ಟೆಂಬರ್ 8. ಸಾಕ್ಷರತಾ ದಿನ. ಈ ದಿನ ಮೈಕ್ ಹಿಡಿದವರು ಅಕ್ಷರ ಯಾಕೆ ಬೇಕು ಎಂದು ಹೇಳುವುದು ವಾಡಿಕೆ. ನಾನು ಅದನ್ನು ಹೇಳುವುದಿಲ್ಲ. ಹಗಲೆಲ್ಲ ದುಡಿದು, ರಾತ್ರಿ ಪಾತ್ರೆ ತೊಳೆದಿಟ್ಟು, ಕನ್ನಡಕ ಹುಡುಕಿ ಪುಸ್ತಕ ಬಿಡಿಸುವವರು ನೀವು. ಅಕ್ಷರ ಯಾಕೆ ಬೇಕು ಎಂದು ನಿಮಗೆ ನಾನು ಹೇಳಿಕೊಡಬೇಕಾ?

ಇವತ್ತು ನಾನು ಒಂದು ಪ್ರವಾಸದ ಸಂಗತಿ ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಕೇಂದ್ರದ ಇಪ್ಪತ್ತೆರಡು ಮಂದಿ ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ತಾರಾಲಯ ನೋಡಿದೆವು. ಅಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಬೆಂಗಳೂರು ನೋಡಬೇಕು ಎಂದು ನಮ್ಮವರಿಗೆ ಬಹಳ ದಿನದ ಆಸೆ. ವಿಧಾನಸೌಧ ನೋಡಬೇಕು, ಲಾಲ್‌ಬಾಗ್ ನೋಡಬೇಕು ಎಂದು ಪಟ್ಟಿ ಮಾಡಿದ್ದರು. ಪಟ್ಟಿಯನ್ನು ಅವರೇ ಬರೆದದ್ದು. ಅದರಲ್ಲಿ ತಾರಾಲಯ ಇರಲಿಲ್ಲ. ಅದು ಸೇರಿದ್ದು ನಮ್ಮ ಕೇಂದ್ರದ ಒಬ್ಬ ಅಜ್ಜನಿಂದ.

ಈ ಅಜ್ಜನಿಗೆ ಎಪ್ಪತ್ತು ದಾಟಿದೆ. ಇಡೀ ಜೀವನ ಅಡಿಕೆ ತೋಟದಲ್ಲಿ ಕೆಲಸ ಮಾಡಿದವರು. ಒಂದು ದಿನ ತರಗತಿಯಲ್ಲಿ ಮಳೆಯ ಪಾಠ ಬಂತು. ನಾನು ಮಳೆ ನಕ್ಷತ್ರಗಳ ಹೆಸರನ್ನು ಬೋರ್ಡಿನಲ್ಲಿ ಬರೆಯುತ್ತಿದ್ದೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು. ಅಷ್ಟು ಬರೆಯುವಷ್ಟರಲ್ಲಿ ಅಜ್ಜ ಬಾಯಿಯಲ್ಲಿ ಸ್ವಾತಿಯವರೆಗೆ ಹೇಳಿ ಮುಗಿಸಿದರು. ಯಾವ ಮಳೆಗೆ ಏನು ಬಿತ್ತಬೇಕು, ಯಾವ ಮಳೆಗೆ ಮುಂಚೆ ಅಡಿಕೆಗೆ ಮದ್ದು ಬಿಡಬೇಕು, ಎಲ್ಲ ಹೇಳಿದರು. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಎಂಬ ಗಾದೆಯನ್ನೂ ಹೇಳಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಟೀಚರೇ, ಆರಿದ್ರಾ ಅಂದ್ರೆ ಒಂದು ನಕ್ಷತ್ರ ಅಲ್ವಾ? ಇಷ್ಟು ವರ್ಷ ಅದರ ಮಳೆಗೆ ನೆನೆದೆ. ಅದು ಯಾವುದು ಅಂತ ಒಮ್ಮೆ ತೋರಿಸಿ."

ನನಗೆ ಗೊತ್ತಿರಲಿಲ್ಲ. ಬಿ.ಎ. ಓದಿದ್ದೇನೆ. ಎಂಟು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಆ ಹೆಸರಿನ ಹಿಂದೆ ಆಕಾಶದಲ್ಲಿ ನಿಜವಾಗಿ ಒಂದು ನಕ್ಷತ್ರ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. "ಈಗ ಮೋಡ ಅಲ್ವಾ ಅಜ್ಜ, ಮಳೆಗಾಲ ಮುಗೀಲಿ" ಎಂದು ಹೇಳಿ ತಪ್ಪಿಸಿಕೊಂಡೆ. ನವರಾತ್ರಿ ಹೊತ್ತಿಗೆ ಆಕಾಶ ಶುಭ್ರವಾಯಿತು. ಅಜ್ಜ ಮತ್ತೆ ಕೇಳಿದರು. ಇನ್ನು ತಪ್ಪಿಸಿಕೊಳ್ಳಲು ಮೋಡ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಪಟ್ಟಿಗೆ ತಾರಾಲಯ ಸೇರಿತು.

ತಾರಾಲಯ ಎಂದರೇನು? ಪದವನ್ನು ಬಿಡಿಸಿ ನೋಡಿ. ತಾರೆ ಎಂದರೆ ನಕ್ಷತ್ರ. ಆಲಯ ಎಂದರೆ ಮನೆ. ವಿದ್ಯಾಲಯ, ಗ್ರಂಥಾಲಯ, ದೇವಾಲಯ ಎಂದು ನೀವು ಓದಿದ್ದೀರಿ. ಅದೇ ಸಾಲಿನ ಪದ ಇದು. ನಕ್ಷತ್ರಗಳ ಮನೆ.

ಕೆಲವರು ತಾರಾಲಯ ಎಂದರೆ ದೊಡ್ಡ ದೂರದರ್ಶಕ ಇಟ್ಟು ನಿಜವಾದ ನಕ್ಷತ್ರ ತೋರಿಸುವ ಜಾಗ ಎಂದು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದಲ್ಲ. ಇಲ್ಲಿ ಕಾಣುವುದು ಆಕಾಶದ ನೆರಳು, ಆಕಾಶದ ಚಿತ್ರ. ಒಂದು ಉರುಟು ಕಟ್ಟಡ. ಅದರ ಮಾಡು ಒಳಗಿನಿಂದ ನೋಡಿದರೆ ದೊಡ್ಡ ಕೊಪ್ಪರಿಗೆ ಕವುಚಿ ಹಾಕಿದ ಹಾಗೆ. ಬಿಳಿ ಬಣ್ಣ. ನಡುವೆ ಒಂದು ಯಂತ್ರ. ಆ ಯಂತ್ರ ಮಾಡಿಗೆ ಬೆಳಕಿನ ಚುಕ್ಕೆಗಳನ್ನು ಬಿಡುತ್ತದೆ. ಪ್ರತಿ ಚುಕ್ಕೆ ಒಂದು ನಕ್ಷತ್ರ.

ಹಳೆಯ ಹಂಚಿನ ಮನೆಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಂಚಿನ ಸಂದಿಯಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಉರುಟು ಚುಕ್ಕೆ ಬೀಳುತ್ತದೆ ಅಲ್ವಾ? ಹೊತ್ತು ಹೋದ ಹಾಗೆ ಆ ಚುಕ್ಕೆ ನೆಲದಲ್ಲಿ ಸರಿಯುತ್ತದೆ. ಇಲ್ಲಿ ಅದೇ ಸಂಗತಿ ತಲೆಕೆಳಗಾಗಿ ನಡೆಯುತ್ತದೆ. ಬೆಳಕು ಕೆಳಗೆ, ಚುಕ್ಕೆ ಮೇಲೆ. ಯಂತ್ರ ತಿರುಗಿದರೆ ನಕ್ಷತ್ರಗಳು ಮೂಡುತ್ತವೆ, ಮುಳುಗುತ್ತವೆ. ಆರು ತಿಂಗಳ ಆಕಾಶವನ್ನು ಐದು ನಿಮಿಷದಲ್ಲಿ ತೋರಿಸಬಹುದು. ಮೋಡ ಇಲ್ಲ, ಮಳೆ ಇಲ್ಲ, ಸೊಳ್ಳೆಯೂ ಇಲ್ಲ.

ಇಂಥ ಯಂತ್ರವನ್ನು ಮೊದಲು ಮಾಡಿದ್ದು ಜರ್ಮನಿಯ ಕಾರ್ಲ್ ಝೈಸ್ ಕಂಪೆನಿ. 1923ರಲ್ಲಿ ಮ್ಯೂನಿಕ್ ನಗರದಲ್ಲಿ ಅದನ್ನು ತೋರಿಸಿದರು. ಅಂದರೆ ಈ ಕೃತಕ ಆಕಾಶಕ್ಕೆ ನೂರು ವರ್ಷ ದಾಟಿತು. ನಮ್ಮ ದೇಶದಲ್ಲಿ ಕೊಲ್ಕತ್ತಾದ ಬಿರ್ಲಾ ತಾರಾಲಯ 1963ರಲ್ಲಿ ತೆರೆಯಿತು. ಮುಂಬೈಯಲ್ಲಿ 1977ರಲ್ಲಿ, ದೆಹಲಿಯಲ್ಲಿ 1984ರಲ್ಲಿ ಬಂತು. ಬೆಂಗಳೂರಿನದು 1989ರದ್ದು. ನೆಹರೂ ಹುಟ್ಟಿ ನೂರು ವರ್ಷ ತುಂಬಿದ ವರ್ಷ ಅದು. ಹಾಗಾಗಿ ಅದರ ಹೆಸರು ಜವಾಹರಲಾಲ್ ನೆಹರೂ ತಾರಾಲಯ. ಕಟ್ಟಿಸಿದ್ದು ಬೆಂಗಳೂರಿನ ನಗರಪಾಲಿಕೆ. ರಸ್ತೆ, ಚರಂಡಿ, ಬೀದಿದೀಪ ನೋಡಿಕೊಳ್ಳುವ ಒಂದು ನಗರಪಾಲಿಕೆ ತನ್ನ ಜನರಿಗೆ ಒಂದು ಆಕಾಶವನ್ನೂ ಮಾಡಿಸಿಕೊಟ್ಟಿತು. ಬೀದಿದೀಪಗಳಿಂದಾಗಿಯೇ ಅಲ್ಲಿ ನಿಜವಾದ ನಕ್ಷತ್ರ ಕಾಣದೆ ಹೋದದ್ದು ಬೇರೆ ಮಾತು.

ಈಗ ಪ್ರಯಾಣಕ್ಕೆ ಬರುವಾ.

ಕಣ್ಣೂರಿನಿಂದ ಮಂಗಳೂರು ದಾರಿಯಾಗಿ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಉಂಟಲ್ಲ, ಅದರಲ್ಲಿ ಹೊರಟೆವು. ಸಂಜೆ ಕಾಸರಗೋಡಿನಲ್ಲಿ ಹತ್ತಿದೆವು. ಒಬ್ಬೊಬ್ಬರ ಚೀಲದಲ್ಲಿ ಒಂದು ಮನೆಯೇ ಇತ್ತು. ಅವಲಕ್ಕಿ, ಬಾಳೆಹಣ್ಣು, ಪುಂಡಿ, ಉಪ್ಪಿನಕಾಯಿ. ಸ್ವೆಟರ್ ಮಾತ್ರ ಯಾರೂ ತಂದಿರಲಿಲ್ಲ. ನಮ್ಮ ಕಡಲ ಕರೆಯವರಿಗೆ ಚಳಿ ಎಂದರೆ ಏನು ಗೊತ್ತು? ಬೆಳಿಗ್ಗೆ ಬೆಂಗಳೂರು ಸ್ಟೇಷನ್ನಿನಲ್ಲಿ ಇಳಿದಾಗ ಎಲ್ಲರೂ ಸೆರಗು, ಟವೆಲು, ಹೊದಿಕೆ ಏನು ಸಿಕ್ಕಿತೋ ಅದನ್ನು ಸುತ್ತಿಕೊಂಡು ಒಬ್ಬರಿಗೊಬ್ಬರು ಒತ್ತಿ ನಿಂತಿದ್ದರು.

ಆದರೆ ಬಸ್ಸು ಹತ್ತಿದ ಮೇಲೆ ಚಳಿ ಮರೆತುಹೋಯಿತು. ಕಿಟಕಿಯಾಚೆ ಎಲ್ಲ ಕಡೆ ಕನ್ನಡ ಬೋರ್ಡು. ನಮ್ಮ ಊರಿನ ಬಸ್ಸುಗಳಲ್ಲಿ ಹೆಚ್ಚಾಗಿ ಮಲೆಯಾಳದ ಬೋರ್ಡು. ಕನ್ನಡ ಕಲಿತವರು ಬಸ್ ನಿಲ್ದಾಣದಲ್ಲಿ ನಿಂತು ಮತ್ತೆ ಬೇರೆಯವರನ್ನೇ ಕೇಳಬೇಕಾಗುತ್ತದೆ. ಅದು ನಿಮಗೆಲ್ಲ ಗೊತ್ತಿದ್ದ ಕಷ್ಟ. ಇಲ್ಲಿ ಹಾಗಲ್ಲ. ಔಷಧಿ ಅಂಗಡಿ, ಚಿನ್ನದ ಅಂಗಡಿ, ಪೊಲೀಸ್ ಠಾಣೆ, ಹೋಟೆಲು. ನಮ್ಮವರು ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದುತ್ತಾ ಹೋದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ. ವಿಧಾನಸೌಧದ ಮುಂದೆ ನಿಂತಾಗ ಮೇಲೆ ಕೆತ್ತಿದ್ದನ್ನು ಒಬ್ಬ ಅಣ್ಣ ಓದಿದರು: "ಸರ್ಕಾರದ ಕೆಲಸ ದೇವರ ಕೆಲಸ." ಓದಿ, "ಹೌದಾ?" ಎಂದು ಕೇಳಿದರು. ಎಲ್ಲರೂ ನಕ್ಕರು.

ಅಲ್ಲಿಂದ ರಾಜಭವನದ ದಾರಿಯಾಗಿ ನಡೆದೇ ತಾರಾಲಯಕ್ಕೆ ಹೋದೆವು. ಅದು ಟಿ. ಚೌಡಯ್ಯ ರಸ್ತೆಯಲ್ಲಿದೆ. ಚೌಡಯ್ಯ ಎಂದರೆ ಪಿಟೀಲು ನುಡಿಸುತ್ತಿದ್ದ ದೊಡ್ಡ ವಿದ್ವಾಂಸರು. ಗೇಟಿನ ಮೇಲೆ ತಾರಾಲಯ ಎಂಬ ಪದವನ್ನು ಎಲ್ಲರೂ ಓದಿದರು. ಒಳಗೆ ಹೋಗುವಾಗ ಮೀನು ಮಾರುವ ನಮ್ಮ ಅಕ್ಕ ಒಬ್ಬರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಆಲಯ ಅಂತ ಬರೆದಿದೆ ಅಲ್ವಾ ಟೀಚರೇ" ಎಂದರು. ಪಾಠ ಚೆನ್ನಾಗಿ ಕಲಿತಿದ್ದರು. ತಪ್ಪೆನ್ನುವುದು ಹೇಗೆ?

ಇನ್ನು ನನ್ನ ತಪ್ಪು.

ಅಲ್ಲಿ ಕನ್ನಡದಲ್ಲಿ ಬೇರೆ ಪ್ರದರ್ಶನ, ಇಂಗ್ಲಿಷಿನಲ್ಲಿ ಬೇರೆ ಪ್ರದರ್ಶನ. ಯಾವ ಹೊತ್ತಿಗೆ ಯಾವುದು ಎಂದು ಬೋರ್ಡಿನಲ್ಲಿ ಹಾಕಿರುತ್ತಾರೆ. ನಾನು ಗಡಿಬಿಡಿಯಲ್ಲಿದ್ದೆ. ಇಪ್ಪತ್ತೆರಡು ಮಂದಿಯನ್ನು ಎಣಿಸಬೇಕು, ಹಣ ಎಣಿಸಬೇಕು, ಒಬ್ಬರಿಗೆ ಬಚ್ಚಲು ಎಲ್ಲಿ ಎಂದು ತೋರಿಸಬೇಕು. ಬೋರ್ಡನ್ನು ಸರಿಯಾಗಿ ನೋಡದೆ ಮೊದಲು ಸಿಕ್ಕಿದ ಪ್ರದರ್ಶನಕ್ಕೆ ಟಿಕೆಟು ತೆಗೆದೆ.

ಒಳಗೆ ಹೋಗಿ ಕೂತೆವು. ಕುರ್ಚಿ ಹಿಂದಕ್ಕೆ ಬಾಗುತ್ತದೆ. ಮಲಗಿದ ಹಾಗೆ ಮೇಲೆ ನೋಡಬಹುದು. ಸುಮಾರು 200 ಜನ ಕೂರುವ ಜಾಗ. ಗುಮ್ಮಟದ ಅಗಲ 15 ಮೀಟರ್. ದೀಪಗಳು ಒಂದೊಂದಾಗಿ ಆರಿದವು. ಕತ್ತಲೆಯಲ್ಲಿ ಒಂದು ದನಿ ಬಂತು. ಇಂಗ್ಲಿಷ್!

ನನ್ನ ಎದೆ ಧಸಕ್ಕೆಂದಿತು. ಎದ್ದು ಹೋಗುವ ಹಾಗಿಲ್ಲ. ಎಲ್ಲ ಕತ್ತಲೆ. ನಕ್ಷತ್ರಗಳು ಬಂದವು. ಅಬ್ಬಾ ಎಂದು ಎಲ್ಲರೂ ಉಸಿರೆಳೆದರು. ಗ್ರಹಗಳು ಬಂದವು. ಶನಿಯ ಬಳೆ ಬಂತು. ಆದರೆ ಮಾತು ಅರ್ಥವಾಗುವುದಿಲ್ಲ. ಸನ್, ಮೂನ್ ಎಂದಾಗ ಮಾತ್ರ ನಮ್ಮವರು ಒಬ್ಬರನ್ನೊಬ್ಬರು ಮುಟ್ಟಿ "ಸೂರ್ಯ, ಚಂದ್ರ" ಎಂದು ಪಿಸುಗುಟ್ಟುತ್ತಿದ್ದರು. ಅರ್ಧದಲ್ಲಿ ನನ್ನ ಬಲಗಡೆಯಿಂದ ಗೊರಕೆ ಕೇಳಿತು. ರೈಲಿನಲ್ಲಿ ನಿದ್ದೆ ಬಿಟ್ಟವರು, ತಂಪು, ಕತ್ತಲೆ, ತಿಳಿಯದ ಭಾಷೆ. ಅವರದ್ದೇನು ತಪ್ಪು?

ಹೊರಗೆ ಬಂದೆವು. ನಾನು ಎಲ್ಲರೆದುರು ತಪ್ಪಾಯಿತು ಎಂದು ಹೇಳಿದೆ. ಆಗ ಬೀಡಿ ಕಟ್ಟುವ ನಮ್ಮ ಅಕ್ಕ ಒಬ್ಬರು ತಲೆ ತಗ್ಗಿಸಿ ಹೇಳಿದರು:

"ಬೋರ್ಡಿನಲ್ಲಿ ಇಂಗ್ಲಿಷ್ ಅಂತ ಬರೆದಿತ್ತು ಟೀಚರೇ. ನಾನು ಓದಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ ಅಕ್ಕ?"

"ನೀವು ಓದಿದವರು ಅಲ್ವಾ. ನಾನೇ ತಪ್ಪು ಓದಿದ್ದು ಅಂತ ಎಣಿಸಿದೆ."

ಈ ಮಾತು ನನಗೆ ಈಗಲೂ ಮರೆಯುವುದಿಲ್ಲ. ಅವರು ಸರಿಯಾಗಿ ಓದಿದ್ದರು. ನಾನು ಓದಿರಲಿಲ್ಲ. ಆದರೂ ಅವರು ಸುಮ್ಮನಿದ್ದರು. ಎರಡು ವರ್ಷ ಅವರಿಗೆ ಕಾಗುಣಿತ ಕಲಿಸಿದೆ. ನಾನು ತಪ್ಪಿದರೆ ನನಗೆ ಹೇಳಬಹುದು ಎನ್ನುವುದನ್ನು ಮಾತ್ರ ಕಲಿಸಿರಲಿಲ್ಲ. ಆ ದಿನದಿಂದ ಅವರಿಗೆ ಹೇಳಿದ್ದೇನೆ. ಈಗ ವಾರಕ್ಕೆ ಎರಡು ಸಲವಾದರೂ ನನ್ನ ಬೋರ್ಡಿನ ಬರಹದಲ್ಲಿ ತಪ್ಪು ಹಿಡಿಯುತ್ತಾರೆ. ಕೆಲವೊಮ್ಮೆ ಕಷ್ಟವೂ ಆಗುತ್ತದೆ, ನಿಜ ಹೇಳುತ್ತೇನೆ.

ಕನ್ನಡ ಪ್ರದರ್ಶನಕ್ಕೆ ಇನ್ನೂ ಹೊತ್ತಿತ್ತು. ಆದರೆ ಇನ್ನೊಮ್ಮೆ ಟಿಕೆಟು ತೆಗೆಯಲು ಪ್ರವಾಸದ ಹಣದಲ್ಲಿ ಉಳಿದಿರಲಿಲ್ಲ. ನಾನು ನನ್ನ ಕೈಯಿಂದ ಕೊಡುತ್ತೇನೆ ಎಂದೆ. ಅಜ್ಜ ಒಪ್ಪಲಿಲ್ಲ. ಸೊಂಟದ ಪಟ್ಟಿಯಿಂದ ಮಡಚಿದ ನೋಟು ತೆಗೆದರು. "ಲಾಲ್‌ಬಾಗಿನಲ್ಲಿ ಮರ ಉಂಟು ಅಲ್ವಾ? ಮರ ನಾನು ಬೇಕಾದಷ್ಟು ಕಂಡಿದ್ದೇನೆ. ಇದನ್ನು ನೋಡುವಾ" ಎಂದರು. ಒಬ್ಬೊಬ್ಬರಾಗಿ ಎಲ್ಲರೂ ದುಡ್ಡು ತೆಗೆದರು. ಲಾಲ್‌ಬಾಗ್ ಪಟ್ಟಿಯಿಂದ ಹೋಯಿತು. ಟಿಕೆಟು ತೆಗೆಯಲು ಈ ಸಲ ಬೀಡಿಯ ಅಕ್ಕನನ್ನೇ ಕಳಿಸಿದೆ.

ಎರಡನೆಯ ಸಲ ದೀಪ ಆರಿದಾಗ ಕನ್ನಡದಲ್ಲಿ ಮಾತು ಶುರುವಾಯಿತು. ಯಾರಿಗೂ ನಿದ್ದೆ ಬರಲಿಲ್ಲ.

ಊರಿನ ದೀಪಗಳನ್ನೆಲ್ಲ ಆರಿಸಿದರೆ ಈ ರಾತ್ರಿಯ ಆಕಾಶ ಹೇಗಿರುತ್ತದೆ ಎಂದು ತೋರಿಸಿದರು. ಒಳ್ಳೆಯ ಕತ್ತಲೆಯಲ್ಲಿ ಒಂದೇ ಹೊತ್ತಿಗೆ ಎರಡು ಮೂರು ಸಾವಿರ ನಕ್ಷತ್ರ ಕಾಣುತ್ತದಂತೆ. ಬಡಗು ದಿಕ್ಕಿನಲ್ಲಿ ತಗ್ಗಿನಲ್ಲಿ ಧ್ರುವ ನಕ್ಷತ್ರ. ಉಳಿದವೆಲ್ಲ ಸರಿದರೂ ಅದು ಇದ್ದಲ್ಲೇ ಇರುತ್ತದೆ. ಮಂಜೇಶ್ವರದ ಕಡೆಯ ನಮ್ಮ ಅಣ್ಣ ಒಬ್ಬರು ದೋಣಿಯಲ್ಲಿ ಹೋಗುವವರು. "ಇದು ನನ್ನ ನಕ್ಷತ್ರ" ಎಂದರು. ನೀವೂ ಅದನ್ನು ನೋಡಬಹುದು. ಬಡಗು ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಕೈಯನ್ನು ಉದ್ದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಕೆಳ ಅಂಚನ್ನು ಬಾನು ನೆಲ ಕೂಡುವ ಗೆರೆಗೆ ತಾಗಿಸಿ. ಮುಷ್ಟಿಯಿಂದ ಸ್ವಲ್ಪ ಮೇಲೆ ಧ್ರುವ ಇರುತ್ತದೆ. ಕಾಶ್ಮೀರದಲ್ಲಿ ನಿಂತರೆ ಮೂರು ಮುಷ್ಟಿಗಿಂತ ಮೇಲೆ ಕಾಣುತ್ತದೆ. ಬಡಗಿಗೆ ಹೋದ ಹಾಗೆ ಅದು ಮೇಲೇರುತ್ತದೆ. ಕಡಲಿನಲ್ಲಿ ಹೋಗುವವರು ತಾವು ಎಷ್ಟು ಬಡಗಿಗೆ ಬಂದೆವು ಎಂದು ಹಿಂದೆ ಹೀಗೆ ಅಳೆಯುತ್ತಿದ್ದರು.

ಆಮೇಲೆ ಮೂಡು ದಿಕ್ಕಿನಲ್ಲಿ ಒಂದು ಬಾಣ ಹೊಳೆಯಿತು. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ. ಇದನ್ನು ನೀವೆಲ್ಲ ನೋಡಿದ್ದೀರಿ. ಇದು ಮಹಾವ್ಯಾಧ, ಅಂದರೆ ದೊಡ್ಡ ಬೇಟೆಗಾರ. ಮೂರು ನಕ್ಷತ್ರ ಅವನ ಸೊಂಟದ ಪಟ್ಟಿ. ತಲೆಯ ಹತ್ತಿರ ಮೃಗಶಿರಾ. ಹೆಗಲಿನಲ್ಲಿ ಕೆಂಪಾಗಿ ಒಂದು ನಕ್ಷತ್ರ. ದನಿ ಹೇಳಿತು: ಇದು ಆರಿದ್ರಾ.

ಕತ್ತಲೆಯಲ್ಲಿ ಅಜ್ಜನ ಮುಖ ನನಗೆ ಕಾಣಲಿಲ್ಲ. ಅವರು ಮಾತೂ ಆಡಲಿಲ್ಲ. ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು.

ಪ್ರದರ್ಶನ ಮುಗಿದ ಮೇಲೆ ಒಬ್ಬ ಯುವಕರು ನಮ್ಮ ಜೊತೆ ಮಾತನಾಡಿದರು. ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ಒಬ್ಬ ಅಕ್ಕ ತನ್ನ ಮಗಳ ನಕ್ಷತ್ರ ಹೇಳಿ, ಮದುವೆ ಯಾವಾಗ ಆಗುತ್ತದೆ ಎಂದು ಕೇಳಿದರು. ಅದನ್ನು ಇಲ್ಲಿ ಹೇಳುವುದಿಲ್ಲ, ನಕ್ಷತ್ರ ಎಷ್ಟು ದೂರ ಇದೆ ಎಂದು ಬೇಕಾದರೆ ಹೇಳುತ್ತೇನೆ ಎಂದು ಅವರು ನಕ್ಕರು. ಆಮೇಲೆ ಅಜ್ಜ ಕೇಳಿದರು:

"ಮಗಾ, ಆರಿದ್ರಾ ಮಳೆ ಬರುವುದು ಆಟಿಯ ಮೊದಲು, ಕಾರ್ತೆಲ್ ತಿಂಗಳಲ್ಲಿ. ನಕ್ಷತ್ರ ಕಾಣುವುದು ಈ ಚಳಿಯಲ್ಲಿ. ಇದು ಹೇಗೆ?"

ನೋಡಿ, ಎಂಥ ಪ್ರಶ್ನೆ! ನಾನು ಬಿ.ಎ. ಮುಗಿಸುವವರೆಗೆ ಇಂಥ ಒಂದು ಪ್ರಶ್ನೆಯನ್ನು ಯಾರಿಗೂ ಕೇಳಿಲ್ಲ.

ಅವರು ಕೊಟ್ಟ ಉತ್ತರವನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಮನೆಯ ಅಂಗಳವನ್ನು ಎಣಿಸಿಕೊಳ್ಳಿ. ರಾತ್ರಿ ಹೊತ್ತು. ಅಂಗಳದ ನಡುವೆ ಒಂದು ಪ್ರಖರವಾದ ದೀಪ ಇಟ್ಟಿದೆ. ಅಂಗಳದ ಸುತ್ತ ಮರಗಳು. ಒಂದು ಕಡೆ ಹಲಸು, ಒಂದು ಕಡೆ ತೆಂಗು, ಒಂದು ಕಡೆ ಮಾವು. ನೀವು ದೀಪಕ್ಕೆ ಸುತ್ತು ಬರುತ್ತೀರಿ. ದೀಪ ಸೂರ್ಯ. ನೀವು ಭೂಮಿ. ಮರಗಳು ನಕ್ಷತ್ರ. ನೀವು ಒಂದು ಕಡೆ ನಿಂತಾಗ ದೀಪದ ನೇರ ಹಿಂದೆ ಹಲಸಿನ ಮರ ಬರುತ್ತದೆ. ಆಗ ಹಲಸು ಕಾಣುತ್ತದಾ? ದೀಪ ಕಣ್ಣಿಗೆ ಕುಕ್ಕುತ್ತದೆ. ಹಲಸು ಕಾಣುವುದಿಲ್ಲ. ಆದರೆ ಅದು ಅಲ್ಲೇ ಇದೆ. ಅರ್ಧ ಸುತ್ತು ಬಂದು ನಿಂತು, ದೀಪಕ್ಕೆ ಬೆನ್ನು ಹಾಕಿ ನೋಡಿ. ಈಗ ಹಲಸು ನಿಮ್ಮ ಎದುರಿಗೇ ಉಂಟು. ದೀಪದ ಬೆಳಕಿಲ್ಲ. ಚೆನ್ನಾಗಿ ಕಾಣುತ್ತದೆ.

ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದ ಕಡೆಗೆ ಬಂದ ದಿನಗಳ ಮಳೆ. ಜೂನ್ 22ರ ಹೊತ್ತಿಗೆ ಅದು ಶುರು. ಆಗ ಆರಿದ್ರಾ ಹಗಲಿನಲ್ಲಿ ಸೂರ್ಯನ ಜೊತೆಗೇ ಮೂಡಿ, ಜೊತೆಗೇ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅಂದರೆ ನಾನು ಮೋಡದ ಮೇಲೆ ಹಾಕಿದ ನೆವ ಕೂಡ ತಪ್ಪೇ! ಆರು ತಿಂಗಳು ಕಳೆದು ಡಿಸೆಂಬರ್ ಬಂದಾಗ ಭೂಮಿ ಅರ್ಧ ಸುತ್ತು ಮುಗಿಸಿರುತ್ತದೆ. ಆಗ ಆರಿದ್ರಾ ರಾತ್ರಿಯಿಡೀ ಕಾಣುತ್ತದೆ.

ಸೂರ್ಯ ಹೋಗುವ ಹಾಗೆ ನಮಗೆ ಕಾಣುವ ದಾರಿಯನ್ನು ನಮ್ಮ ಹಿರಿಯರು 27 ಭಾಗ ಮಾಡಿದರು. ಒಂದೊಂದು ಭಾಗಕ್ಕೆ ಒಂದು ನಕ್ಷತ್ರದ ಹೆಸರು ಕೊಟ್ಟರು. 365 ದಿನವನ್ನು 27ರಿಂದ ಭಾಗಿಸಿ ನೋಡಿ. ಹದಿಮೂರೂವರೆ ಬರುತ್ತದೆ. ಹಾಗಾಗಿ ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಇದು ಪಂಚಾಂಗದಲ್ಲಿ ಎಲ್ಲಿಂದಲೋ ಬಂದ ಲೆಕ್ಕ ಅಲ್ಲ. ಆಕಾಶ ನೋಡಿ ಹಾಕಿದ ಲೆಕ್ಕ.

ಇನ್ನೂ ಒಂದು ಸಂಗತಿ ರೈಲಿನಲ್ಲಿ ಬರುವಾಗ ತಿಳಿಯಿತು. ನಮ್ಮ ನೆರೆಯ ಮಲೆಯಾಳದವರು ಜೂನಿನ ಈ ಮಳೆಗೆ ತಿರುವಾದಿರ ಞಾಟ್ಟುವೇಲ ಎನ್ನುತ್ತಾರೆ. ಧನು ತಿಂಗಳಿನಲ್ಲಿ ಹೆಂಗಸರು ತಿರುವಾದಿರ ಹಬ್ಬ ಮಾಡುತ್ತಾರೆ. ತಿರುವಾದಿರ ಎಂದರೆ ಯಾವುದು? ಇದೇ ಆರಿದ್ರಾ! ಜೂನಿನಲ್ಲಿ ಆ ನಕ್ಷತ್ರದ ಹತ್ತಿರ ಸೂರ್ಯ ಇರುತ್ತಾನೆ. ಧನು ತಿಂಗಳಿನಲ್ಲಿ ಅದೇ ನಕ್ಷತ್ರದ ಹತ್ತಿರ ಹುಣ್ಣಿಮೆಯ ಚಂದ್ರ ಬರುತ್ತಾನೆ. ಇದನ್ನು ಜೋಡಿಸಿ ಹೇಳಿದ್ದು ನಾನಲ್ಲ. ಅಜ್ಜ. ತುಳು, ಕನ್ನಡ, ಮಲೆಯಾಳ ಮೂರೂ ಅವರ ಬಾಯಲ್ಲಿ ಉಂಟು. ನಮ್ಮ ಕಾಸರಗೋಡಿನವರಿಗೆ ಅಷ್ಟು ಲಾಭ ಇದೆ.

ದೂರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆರಿದ್ರಾದಿಂದ ಬರಲು 500 ವರ್ಷಕ್ಕಿಂತ ಹೆಚ್ಚು ಬೇಕು. ಕೆಳದಿಯ ಶಿವಪ್ಪ ನಾಯಕ ಬೇಕಲದ ಕೋಟೆ ಕಟ್ಟಿಸಿದ್ದು 1650ರ ಹೊತ್ತಿಗೆ. ಬೇಕಲ ಕೋಟೆಗೆ ಒಂದು ಕಲ್ಲೂ ಇಡುವ ಮೊದಲೇ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬಂದು ಮುಟ್ಟುತ್ತದೆ. ಆ ನಕ್ಷತ್ರ ಎಷ್ಟು ದೊಡ್ಡದೆಂದರೆ, ಅದನ್ನು ಸೂರ್ಯನ ಜಾಗದಲ್ಲಿ ಇಟ್ಟರೆ ನಮ್ಮ ಭೂಮಿ ಅದರ ಹೊಟ್ಟೆಯೊಳಗೆ ಹೋಗುತ್ತದೆ. ದೂರ ಇರುವುದು ಒಳ್ಳೆಯದೇ ಆಯಿತು ಎಂದರು ಮೀನಿನ ಅಕ್ಕ.

ಪ್ರವಾಸ ಮುಗಿಸಿ ಊರಿಗೆ ಬಂದೆವು. ನಾಲ್ಕು ದಿನ ಕಳೆದಿತ್ತು. ರಾತ್ರಿ ಒಂಬತ್ತು ಗಂಟೆಗೆ ನನ್ನ ಫೋನು ಬಡಿಯಿತು. ಅಜ್ಜ. "ಟೀಚರೇ, ಅಂಗಳಕ್ಕೆ ಬನ್ನಿ. ಲೈಟು ಆರಿಸಿ ಬನ್ನಿ." ನಾನು ಹೊರಗೆ ಬಂದೆ. "ಮೂಡು ದಿಕ್ಕಿಗೆ ನೋಡಿ. ಮೂರು ನಕ್ಷತ್ರ ಕಂಡಿತಾ? ಅದರ ಎಡಗಡೆ ಕೆಂಪು ನಕ್ಷತ್ರ. ಕಂಡಿತಾ?" ಕಂಡಿತು. ಅವರು ತೋರಿಸಿದರು, ನಾನು ನೋಡಿದೆ. ಹಿಂದಿನಿಂದ ಅವರ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು. ಅವರಿಗೂ ತೋರಿಸುತ್ತಿದ್ದರು.

ಏಪ್ರಿಲಿನಲ್ಲಿ ಇನ್ನೊಂದು ಆಟ ಮಾಡಿದೆವು. ಬೆಂಗಳೂರಿನಲ್ಲಿ ಆ ಯುವಕರು ನೆರಳಿಲ್ಲದ ದಿನದ ಬಗ್ಗೆ ಹೇಳಿದ್ದರು. ವರ್ಷದಲ್ಲಿ ಎರಡು ದಿನ ಸೂರ್ಯ ನಮ್ಮ ನೆತ್ತಿಗೆ ನೇರ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿಗೆ ಅದು ಏಪ್ರಿಲ್ 24ರ ಹೊತ್ತಿಗೆ. ನಮ್ಮ ಜಿಲ್ಲೆ ಸ್ವಲ್ಪ ತೆಂಕಿನಲ್ಲಿದೆ. ಹಾಗಾಗಿ ನಮಗೆ ಒಂದೆರಡು ದಿನ ಮುಂಚೆ. ಇನ್ನೊಮ್ಮೆ ಬರುವುದು ಆಗಸ್ಟ್ 20ರ ಹತ್ತಿರ. ಆಗ ಮೋಡದ್ದೇ ಕಾಟ. ಬೀಡಿಯ ಅಕ್ಕ ಹಳೆಯ ಒನಕೆ ತಂದು ಕೇಂದ್ರದ ಅಂಗಳದಲ್ಲಿ ನಿಲ್ಲಿಸಿದರು. ನಾನು ಹನ್ನೆರಡು ಗಂಟೆಗೆ ಎಲ್ಲರನ್ನೂ ಕರೆದೆ. ನೆರಳು ಇತ್ತು. ಎಲ್ಲರೂ ನನ್ನ ಮುಖ ನೋಡಿದರು. ಅರ್ಧ ಗಂಟೆ ಬಿಸಿಲಲ್ಲಿ ಕಾದೆವು. ಹನ್ನೆರಡೂವರೆ ಹೊತ್ತಿಗೆ ನೆರಳು ಒನಕೆಯ ಬುಡಕ್ಕೆ ಸೇರಿ ಮಾಯವಾಯಿತು. ಗಡಿಯಾರದ ಹನ್ನೆರಡು ಇಡೀ ದೇಶಕ್ಕೆ ಒಂದೇ. ಸೂರ್ಯ ಮೂಡಿನಿಂದ ಬರುವವನು. ಪಡುಗಡಲಿನ ಕರೆಯ ನಮ್ಮ ನೆತ್ತಿಗೆ ಬರುವಾಗ ಅರ್ಧ ಗಂಟೆ ತಡ. ಇದು ಕೂಡ ನನಗೆ ಆ ದಿನವೇ ಗೊತ್ತಾದದ್ದು.

ಈಗ ಮುಂದಿನ ಪ್ರವಾಸದ ಮಾತು. ಬೆಂಗಳೂರು ದೂರ, ಖರ್ಚು ಹೆಚ್ಚು, ರಾತ್ರಿ ಮನೆ ಬಿಟ್ಟು ಹೋಗಲು ಆಗುವುದಿಲ್ಲ ಎನ್ನುವವರು ಬಹಳ ಮಂದಿ ಇದ್ದೀರಿ. ನಿಮಗೆ ಹತ್ತಿರದಲ್ಲೇ ಒಂದು ತಾರಾಲಯ ಇದೆ. ಮಂಗಳೂರಿನ ಪಿಲಿಕುಳದಲ್ಲಿ. ಸ್ವಾಮಿ ವಿವೇಕಾನಂದ ತಾರಾಲಯ ಎಂದು ಹೆಸರು. 2018ರಲ್ಲಿ ಶುರುವಾಯಿತು. ಅಲ್ಲಿ ಕನ್ನಡಕ ಹಾಕಿಕೊಂಡು ನೋಡುವ ಪ್ರದರ್ಶನವೂ ಇದೆ. ಚಿತ್ರ ಮುಖದ ಹತ್ತಿರವೇ ಬಂದ ಹಾಗೆ ಕಾಣುತ್ತದೆ. ಮಲೆಯಾಳದಲ್ಲಿ ಕೇಳಿದರೆ ಸುಲಭ ಎನ್ನುವವರಿಗೆ ಕಲ್ಲಿಕೋಟೆಯಲ್ಲಿ 1997ರಿಂದ ಒಂದು ತಾರಾಲಯ ಇದೆ. ಆದರೆ ಅದು ನಮಗೆ ದೂರ. ನಾವು ಪಿಲಿಕುಳಕ್ಕೆ ಹೋಗುವಾ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಸೋಮವಾರ ರಜೆ, ಅದನ್ನು ನೆನಪಿಡಿ.

ಡಿಸೆಂಬರಿನ ಒಂದು ಆದಿತ್ಯವಾರ ಎಂದು ಎಣಿಸಿದ್ದೇವೆ. ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದೆ. ಬರುವವರು ಅದರಲ್ಲಿ ಹೆಸರು, ಊರು, ಫೋನ್ ನಂಬರು ಬರೆಯಬೇಕು. ನಿಮ್ಮ ಹೆಸರು ನೀವೇ ಬರೆಯಿರಿ. ಪಕ್ಕದಲ್ಲಿ ಒಂದು ಖಾಲಿ ಗೆರೆ ಉಂಟು. ಅಲ್ಲಿ ತಾರಾಲಯದಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಬರೆಯಿರಿ. ಅಕ್ಷರ ಓರೆಯಾದರೂ ಅಡ್ಡಿಯಿಲ್ಲ. ಅಜ್ಜ ತಮ್ಮದನ್ನು ಬೆಳಿಗ್ಗೆಯೇ ಬರೆದು ಹೋಗಿದ್ದಾರೆ. ಚಂದ್ರನಿಗೂ ಸಮುದ್ರದ ಉಬ್ಬರಕ್ಕೂ ಏನು ಸಂಬಂಧ ಎಂದು ಕೇಳಿದ್ದಾರೆ. ಟಿಕೆಟು ತೆಗೆಯುವ ಕೆಲಸ ಬೀಡಿಯ ಅಕ್ಕನದ್ದು.